ನೀರು ತೋರುವ ಕೋಲಿನ ಪರೀಕ್ಷೆ

ಪರಶುರಾಮನು ರಕ್ತಸಿಕ್ತವಾದ ಕೊಡಲಿಯನ್ನು ಮಲಪ್ರಭೆಯಲ್ಲಿ ತೊಳೆದನೆಂದೂ, ನೀರು ಕೆಂಪಾದುದನ್ನು ಕಂಡವರ ‘ಅಯ್ಯೋ ಹೊಳೆ’ ಎಂಬ ಉದ್ಗಾರವೇ ಐಹೊಳೆಯೆಂಬ ಹೆಸರಾಯಿತೆಂದೂ ಹೇಳುತ್ತಾರೆ. ಇದು ಐತಿಹ್ಯ, ಇದನ್ನು ಪ್ರಯೋಗದಿಂದ ಒರೆಗೆ ಹಚ್ಚುವ ಬಗೆಯಿಲ್ಲ, ಅಗತ್ಯವೂ ಇಲ್ಲ. ಅಂಗೈಮೇಲಿನ ತೆಂಗಿನಕಾಯಿ ಎದ್ದು ನಿಂತರೆ, ಬೇವಿನ ಕವಲುಕೋಲು ಬಾಗಿದರೆ ನೆಲದಡಿಯಲ್ಲಿ ನೀರುಂಟೆಂಬ ಮಾತು ಬೇರೆ ಬಗೆಯದು. ಅದು ನಿಜವೋ ಅಲ್ಲವೋ ಎಂಬುದನ್ನು ಗೊತ್ತುಮಾಡಬಹುದು. ಮಳೆ ಕಡಿಮೆಯಾದ ಈ ಸೀಮೆಯಲ್ಲಿ ಅದನ್ನು ನಂಬಿ ಹಣ ಸುರಿಯುವವರಿರುವುದರಿಂದ ಗೊತ್ತುಮಾಡುವುದು ಅವಶ್ಯವೂ ಹೌದು.

ಹೊಲದಲ್ಲಿ ದೊರೆತ ಯಶಸ್ಸು ಸಾಕ್ಷ್ಯವಾಗಲಾರದು. ಗಟ್ಟಿ ಕಲ್ಲಿನ ಬಿರುಕುಗಳಲ್ಲಿಯೂ ಶಿಥಿಲ ಪದರಗಳಲ್ಲಿಯೂ ನೀರಿರುವುದರಿಂದ, ಆಳವಾಗಿ ಕೊರೆದರೆ ಅನೇಕ ಕಡೆ ಅಷ್ಟಿಷ್ಟು ಸಿಕ್ಕುತ್ತದೆ. ಕೋಲು ಬಾಗದ ಸ್ಥಳದಲ್ಲಿ ಯಾರೂ ಕೊರೆಯಿಸುವುದಿಲ್ಲವಾಗಿ ಹೋಲಿಕೆಗೆ ಆಧಾರವೇ ಇಲ್ಲ. ಎರಡಿಂಚು ನೀರು ಬಿದ್ದರೆ ತೋರಿಸಿದವನ ಹೆಸರು ಊರೂರಿಗೆ ಹಬ್ಬುತ್ತದೆ; ಬರಿದಾದರೆ ‘ಇನ್ನೂ ಐವತ್ತು ಅಡಿ ಇಳಿಸಬೇಕಿತ್ತು’ ಎಂಬ ಸಮಾಧಾನ. ರೈತನಿಗೆ ಉಳಿಯುವುದು ಸಾಲ.

ಇಂತಹ ವಿಚಾರಣೆಗೆ ನಮ್ಮಲ್ಲಿ ವಿಶ್ವವಿದ್ಯಾನಿಲಯವೇ ಮುಂದಾದ ನಿದರ್ಶನವುಂಟು. ಬೆಂಗಳೂರು ವಿಶ್ವವಿದ್ಯಾನಿಲಯದ ಉಪಕುಲಪತಿಗಳಾಗಿದ್ದ ಡಾ. ಎಚ್. ನರಸಿಂಹಯ್ಯನವರು 1976ರಲ್ಲಿ ಪವಾಡಗಳನ್ನೂ ‘ಪರೀಕ್ಷಿಸಬಹುದಾದ ಇತರ ಮೂಢನಂಬಿಕೆ’ಗಳನ್ನೂ ಪರಿಶೀಲಿಸಲು ಸಮಿತಿಯೊಂದನ್ನು ರಚಿಸಿದರು. ‘ಪರೀಕ್ಷಿಸಬಹುದಾದ’ ಎಂಬ ವಿಶೇಷಣ ಬಹು ವಿವೇಕದ್ದು. ಆದರೆ, ಅವರ ಧೈರ್ಯವನ್ನು ಗೌರವಿಸುತ್ತಲೇ ಹೇಳಬೇಕಾದರೆ, ‘ಮೂಢನಂಬಿಕೆ’ ಎಂಬ ಪದ ವಿಚಾರಣೆಗೆ ಮೊದಲೇ ತೀರ್ಪು ಕೊಟ್ಟಂತಾಯಿತೆಂದು ನಮಗೆ ತೋರುತ್ತದೆ. ಪರೀಕ್ಷೆಗೆ ಒಳಗಾಗುವವನೂ ನ್ಯಾಯವೆಂದು ಒಪ್ಪುವಂತಹ ಪರೀಕ್ಷೆಯೇ ನಮಗೆ ಬೇಕಾದುದು.

ಐಹೊಳೆಯ ಹೊಲವೊಂದರಲ್ಲಿ ಅದನ್ನು ಹೀಗೆ ಏರ್ಪಡಿಸಬಹುದು. ಹತ್ತು ಕೊಳವೆಗಳನ್ನು ಸಮಾಂತರವಾಗಿ ಹೂಳಿ, ಪ್ರತಿ ಸರದಿಯಲ್ಲಿಯೂ ಒಂದರಲ್ಲಿ ಮಾತ್ರ ನೀರು ಹರಿಸುವುದು. ಯಾವುದರಲ್ಲಿ ಎಂಬುದನ್ನು ಚೀಟಿಯೆತ್ತಿ ನಿರ್ಣಯಿಸಬೇಕು. ಮನುಷ್ಯರ ಆಯ್ಕೆಯಲ್ಲಿ ಒಂದು ಜಾಡು ಇರುತ್ತದೆ. ಚೀಟಿ ಎತ್ತಿದವರು ಜಲಶೋಧಕನ ಕಣ್ಣಿಗೆ ಬೀಳಕೂಡದು. ಅವನೊಡನೆ ನಿಂತು ಬರೆದುಕೊಳ್ಳುವವರಿಗೆ ಉತ್ತರ ತಿಳಿದಿರಕೂಡದು. ನೀರಿನ ಸದ್ದು ಹೊರಗೆ ಕೇಳಿಸಕೂಡದು. ಮೊದಲು ನೀರಿರುವ ಕೊಳವೆಯನ್ನು ಬಹಿರಂಗವಾಗಿ ತಿಳಿಸಿ, ಕೋಲು ಬಾಗುವುದೇ ಎಂದು ಅವನೇ ನೋಡಿಕೊಳ್ಳಲಿ. ನೆಲದಡಿಯ ಸಹಜ ನೀರು ತೊಡಕಾಗುವುದೆಂದಾದರೆ ಸ್ಥಳ ಬದಲಿಸಲಿ. ಒಪ್ಪಿಗೆಯಾದ ಬಳಿಕ ಹತ್ತು ಸರದಿ. ಬರಿಯ ಊಹೆಯಿಂದ ಸರಾಸರಿ ಒಂದು ಸರಿಯಾಗುತ್ತದೆ. ಐದು ಅಥವಾ ಹೆಚ್ಚು ಸರಿಯಾಗುವ ಸಂಭವ ಸಾವಿರಕ್ಕೆ ಎರಡಕ್ಕಿಂತ ಕಡಿಮೆ. ಆದುದರಿಂದ ಐದನ್ನು ಗೆಲುವಿನ ಗೆರೆಯೆಂದು ಮೊದಲೇ ಬರೆದು ಇಬ್ಬರೂ ರುಜು ಹಾಕಬೇಕು. ನೂರು ಮಂದಿಯನ್ನು ಪರೀಕ್ಷಿಸಿದರೆ ಅವರಲ್ಲೊಬ್ಬನಾದರೂ ಆಕಸ್ಮಿಕವಾಗಿ ಗೆಲ್ಲುವ ಸಂಭವ ಶೇಕಡ 15ರಷ್ಟು. ಗೆದ್ದವನಿಗೆ ಎರಡನೆಯ ಪರೀಕ್ಷೆ ಇರಲೇಬೇಕು.

ಈ ಕೊನೆಯ ಎಚ್ಚರ ಅತಿಯಾದುದಲ್ಲ. ಜರ್ಮನಿಯ ಮ್ಯೂನಿಕ್ ಬಳಿಯ ಕಣಜವೊಂದರಲ್ಲಿ 1987–88ರಲ್ಲಿ 43 ಜಲಶೋಧಕರ ಮೇಲೆ 843 ಪ್ರಯೋಗಗಳು ನಡೆದವು. ಅವರಲ್ಲಿ ಕೆಲವರಿಗೆ ಶಕ್ತಿಯಿದೆಯೆಂದು ಪ್ರಯೋಗಕಾರರು ಸಾರಿದರು. ಅದೇ ಅಂಕಿಗಳನ್ನು ಮರುಪರಿಶೀಲಿಸಿದ ಜಿಮ್ ಎನ್‌ರೈಟ್ ಎಂಬ ವಿಜ್ಞಾನಿ, ಆ ಆಯ್ದ ಕೆಲವರೂ ತಮ್ಮ ಯಶಸ್ಸನ್ನು ಮತ್ತೆ ತೋರಲಾರದೆ ಹೋದುದನ್ನು ಎತ್ತಿ ತೋರಿಸಿದರು. 1990ರಲ್ಲಿ ಕಾಸೆಲ್ ನಗರದಲ್ಲಿ ಹೂತ ಕೊಳವೆಗಳಿಂದ ನಡೆದ ಪರೀಕ್ಷೆಯಲ್ಲಿಯೂ ಫಲ ಊಹೆಯನ್ನು ಮೀರಲಿಲ್ಲ.

ಸೋತವನನ್ನು ವಂಚಕನೆಂದು ತಿಳಿಯಬೇಕಿಲ್ಲ. ನಿರೀಕ್ಷೆಯೊಂದರಿಂದಲೇ ಸ್ನಾಯುಗಳು ನಮ್ಮ ಅರಿವಿಲ್ಲದೆ ಚಲಿಸುತ್ತವೆಂಬುದನ್ನು ಕಾರ್ಪೆಂಟರ್ 1852ರಲ್ಲಿಯೇ ವಿವರಿಸಿದ್ದಾನೆ. ಅಲ್ಲದೆ ಕೋಲು ಸೋತರೂ ಕಣ್ಣು ಗೆಲ್ಲಬಹುದು. ವರಾಹಮಿಹಿರನ ‘ಬೃಹತ್ಸಂಹಿತೆ’ ಅಂತರ್ಜಲದ ಕುರುಹುಗಳೆಂದು ಹುತ್ತಗಳನ್ನೂ ಮರಗಳನ್ನೂ ಹೇಳುತ್ತದೆ. ಹೊಲಗಳಲ್ಲಿ ತಿರುಗಿ ಪಳಗಿದವನು ಇಂತಹ ಗುರುತುಗಳನ್ನು ತನಗರಿವಿಲ್ಲದೆಯೇ ಓದುತ್ತಿರಬಹುದು. ಕೊಳವೆಗಳ ಪರೀಕ್ಷೆ ಇದನ್ನು ಅಳೆಯಲಾರದು. ಅದಕ್ಕೆ ಬೇರೊಂದು ಏರ್ಪಾಡು ಬೇಕು: ಜಲಶೋಧಕನು ತೋರಿದ, ಭೂವಿಜ್ಞಾನಿ ಆರಿಸಿದ, ಚೀಟಿಯಿಂದ ಬಂದ ಸ್ಥಳಗಳನ್ನು ಸಮಸಂಖ್ಯೆಯಲ್ಲಿ, ಒಂದೇ ಆಳಕ್ಕೆ, ಯಾವುದು ಯಾರದೆಂದು ತಿಳಿಯದವರಿಂದ ಕೊರೆಯಿಸಿ ನೀರನ್ನು ಅಳೆಯುವುದು. ವೆಚ್ಚ ದೊಡ್ಡದೇ, ಆದರೆ ಬತ್ತಿದ ಕೊಳವೆ ಬಾವಿಗಳಿಗೆ ರೈತರು ಈಗಲೂ ವೆಚ್ಚ ಮಾಡುತ್ತಲೇ ಇದ್ದಾರೆ.