ನಾಲೆ ಬತ್ತಿದರೆ ಭತ್ತದ ಬೇರಿನ ದಾರಿಯೇ ಬೇರೆ

ಮಂಡ್ಯ: ನಾಟಿಯಾಗಿ ತಿಂಗಳು ಕಳೆದ ಭತ್ತದ ಬುಡವೊಂದನ್ನು ಕೆಸರಿನಿಂದ ಕಿತ್ತು ನೋಡಿದರೆ ಹಳೆಯ ಬೇರುಗಳ ಮೈಗೆ ತುಕ್ಕಿನ ಬಣ್ಣ, ಹೊಸ ಬೇರಿನ ತುದಿ ಮಾತ್ರ ಬಿಳುಪು. ಇದು ರೋಗವಲ್ಲ. ನೀರು ನಿಂತ ಗದ್ದೆಯ ಮಣ್ಣಿನಲ್ಲಿ ಗಾಳಿಯಾಡುವುದಿಲ್ಲ. ಹಾಗಾಗಿ ಬೇರು ತನಗೆ ಬೇಕಾದ ಆಮ್ಲಜನಕವನ್ನು ಎಲೆ, ಕಾಂಡಗಳೊಳಗಿನ ಟೊಳ್ಳು ನಾಳಗಳ ಮೂಲಕ ತರಿಸಿಕೊಳ್ಳುತ್ತದೆ. ಅದರಲ್ಲಿ ಕೊಂಚ ಹೊರಕ್ಕೂ ಸೋರುತ್ತದೆ. ಮಣ್ಣಿನಲ್ಲಿ ಕರಗಿದ ಕಬ್ಬಿಣ ಅದಕ್ಕೆ ತಾಗಿ ತುಕ್ಕಾಗಿ ಅಂಟಿಕೊಳ್ಳುತ್ತದೆ. ಬೇರು ಕಪ್ಪಾಗಿ, ಕೊಳೆತ ಮೊಟ್ಟೆಯ ವಾಸನೆ ಬಂದರೆ ಮಾತ್ರ ಚಿಂತಿಸಬೇಕು.

ಮಂಡ್ಯ, ಮದ್ದೂರು, ಮಳವಳ್ಳಿ ತಾಲ್ಲೂಕುಗಳ ಭತ್ತಕ್ಕೆ ವಿಶ್ವೇಶ್ವರಯ್ಯ ನಾಲೆಯೇ ಆಸರೆ. ಆದರೆ ಮದ್ದೂರು, ಮಳವಳ್ಳಿಯ ಕೊನೆಭಾಗದ ಗದ್ದೆಗಳಿಗೆ ನೀರು ತಲುಪುವ ಖಾತರಿ ಇಲ್ಲ. ಕೃಷ್ಣರಾಜಸಾಗರ ಭರ್ತಿಯಾಗದ 2023ರಂತಹ ವರ್ಷಗಳಲ್ಲಂತೂ ಕೇಳುವುದೇ ಬೇಡ. ಕಡಿಮೆ ನೀರಿನ ಭತ್ತಕ್ಕೆ ಹೊರಳಬೇಕೆಂಬ ಮಾತು ಮತ್ತೆ ಮತ್ತೆ ಕೇಳಿಬರುವುದು ಇದರಿಂದಲೇ. ಹಾಗೆ ಹೊರಳಿದಾಗ ಬೇರಿನ ಊಟದ ಲೆಕ್ಕವೂ ತಲೆಕೆಳಗಾಗುತ್ತದೆ.

ಕೆಂಪು ಮಣ್ಣಿನಲ್ಲಿರುವ ಕಬ್ಬಿಣವು ರಂಜಕವನ್ನು ಬಿಗಿಯಾಗಿ ಹಿಡಿದಿಡುತ್ತದೆ. ನೀರು ನಿಂತಾಗ ಈ ಹಿಡಿತ ಸಡಿಲಗೊಂಡು ರಂಜಕ ಬೇರಿಗೆ ದಕ್ಕುತ್ತದೆ. ಗದ್ದೆ ಒಣಗಿತೋ, ಹಿಡಿತ ಮತ್ತೆ ಬಿಗಿ. ಹಾಕಿದ ಡಿಎಪಿಯಲ್ಲಿನ ರಂಜಕದ ದೊಡ್ಡ ಪಾಲು ಮಣ್ಣಿನಲ್ಲಿದ್ದೂ ಆ ವರ್ಷದ ಬೆಳೆಗೆ ಸಿಗದೆ ಹೋಗುತ್ತದೆ. ಅಂಗಡಿಯ ಬಿಲ್ಲಿನಲ್ಲಿ ಮಾತ್ರ ಅದು ಪೂರ್ತಿ ಕಾಣುತ್ತದೆ!

ರಂಜಕ ನೀರಿನೊಡನೆ ಸುಲಭವಾಗಿ ಹರಿದು ಬರುವಂಥದಲ್ಲ. ಬೇರೇ ಅದರ ಬಳಿಗೆ ಹೋಗಬೇಕು. ಮಣ್ಣು ಬಡವಾದಾಗ ಗಿಡವು ತೆಂಡೆ ಒಡೆಯುವುದನ್ನು ತಗ್ಗಿಸಿ, ಆಹಾರದ ಹೆಚ್ಚಿನ ಪಾಲನ್ನು ಬೇರಿಗೆ ಕಳುಹಿಸುತ್ತದೆ. ಕೂದಲಿಗಿಂತ ತೆಳುವಾದ ಬೇರುರೋಮಗಳು ಉದ್ದವಾಗುತ್ತವೆ. ಸ್ಟ್ರಿಗೊಲ್ಯಾಕ್ಟೋನ್ ಎಂಬ ರಾಸಾಯನಿಕವನ್ನು ಒಸರಿ ಬೇರು ಮಣ್ಣಿನ ಶಿಲೀಂಧ್ರಗಳನ್ನು ಕರೆಯುತ್ತದೆ. ಬೇರು ತಲುಪದ ಜಾಗದಿಂದ ಅವು ರಂಜಕ ತಂದುಕೊಟ್ಟು, ಬದಲಿಗೆ ಸಕ್ಕರೆ ಪಡೆಯುತ್ತವೆ. ನೀರು ನಿಂತ ಗದ್ದೆಯಲ್ಲಿ ಈ ಸ್ನೇಹ ಅಷ್ಟಾಗಿ ಕುದುರದು.

ಈ ಸಾಮರ್ಥ್ಯ ಎಲ್ಲ ತಳಿಗಳಿಗೂ ಒಂದೇ ಸಮನಾಗಿಲ್ಲ. ಭಾರತದ ಹಳೆಯ ತಳಿ ಕಸಲತ್‌ನಲ್ಲಿ, ಎಳವೆಯಲ್ಲೇ ಬೇರನ್ನು ದಟ್ಟವಾಗಿಸುವ ಜೀನ್ ಇರುವುದನ್ನು ಫಿಲಿಪ್ಪೀನ್ಸ್‌ನ ಅಂತರರಾಷ್ಟ್ರೀಯ ಭತ್ತ ಸಂಶೋಧನಾ ಸಂಸ್ಥೆಯ ವಿಜ್ಞಾನಿಗಳ ತಂಡ 2012ರಲ್ಲಿ ಪ್ರಕಟಿಸಿತು. ಹೆಸರಾಂತ ಐಆರ್ 64 ತಳಿಯಲ್ಲಿ ಅದು ಇಲ್ಲ. ಅಚ್ಚರಿಯೇನಲ್ಲ: ಗೊಬ್ಬರ ಧಾರಾಳವಾಗಿರುವ ತಾಕಿನಲ್ಲಿ ಆಯ್ಕೆಯಾಗುವ ತಳಿಗೆ ಇಂಥ ಪರೀಕ್ಷೆಯೇ ಎದುರಾಗದು. ಮಳವಳ್ಳಿ ತಾಲ್ಲೂಕಿನ ಕಿರುಗಾವಲಿನಲ್ಲಿ ರೈತ ಸೈಯದ್ ಘನಿ ಖಾನ್ ನೂರಾರು ಭತ್ತದ ತಳಿಗಳನ್ನು ಬೆಳೆದು ಉಳಿಸಿಕೊಂಡು ಬಂದಿರುವುದರ ಬೆಲೆ ತಿಳಿಯುವುದು ಇಲ್ಲೇ.

ಬೆಂಗಳೂರು ಕೃಷಿ ವಿಶ್ವವಿದ್ಯಾಲಯದ ಡಾ. ಶೈಲಜಾ ಹಿತ್ತಲಮನಿ ಅವರ ತಂಡ ಇದೇ ಐಆರ್ 64ನ್ನು ಆಳಬೇರಿನ ಅಜುಸೆನಾ ತಳಿಯೊಡನೆ ಸಂಕರಗೊಳಿಸಿ, ನೀರು ನಿಲ್ಲಿಸದೆ ಬೆಳೆಯಬಹುದಾದ ಏರೋಬಿಕ್ ಭತ್ತ ಎಂಎಎಸ್ 946-1 ರೂಪಿಸಿತು. ಅದು ಬಿಡುಗಡೆಯಾದದ್ದು 2007ರಲ್ಲಿ. ಆದರೆ ಆಳಕ್ಕಿಳಿಯುವ ಬೇರು ನೀರಿಗೆ ಅನುಕೂಲ. ರಂಜಕ ಹೆಚ್ಚಾಗಿರುವುದು ಮೇಲ್ಮಣ್ಣಿನಲ್ಲಿ. ಎರಡೂ ಗುಣಗಳನ್ನು ಒಂದೇ ಬುಡಕ್ಕೆ ತರುವುದು ಸುಲಭದ ಕೆಲಸವಲ್ಲ.

ನೀರು ಸಮೃದ್ಧವಾಗಿರುವ ಗದ್ದೆಯವರ ಕಷ್ಟ ಇನ್ನೊಂದು ಬಗೆಯದು. ನೀರು ನಿಂತಷ್ಟೂ ಸತುವು ಬೇರಿಗೆ ಎಟುಕದಾಗುತ್ತದೆ. ಅದನ್ನು ಹಿಡಿದು ತರಲು ಬೇರು ಒಂದು ಬಗೆಯ ಆಮ್ಲವನ್ನು ಒಸರುವುದುಂಟು. ಅದೂ ಸಾಲದಾದಾಗ ನಾಟಿಯಾದ ಎರಡರಿಂದ ನಾಲ್ಕು ವಾರಗಳಲ್ಲಿ ಕೆಳಗಿನ ಎಲೆಗಳ ಮೇಲೆ ಕಂದು ಚುಕ್ಕೆ ಕಾಣಿಸಿಕೊಂಡು, ಪೈರು ಏರುಪೇರಾಗಿ ಬೆಳೆಯುತ್ತದೆ. ಮಣ್ಣು ಪರೀಕ್ಷೆಯಲ್ಲಿ ಕೊರತೆ ಕಂಡರೆ ಎಕರೆಗೆ 8ರಿಂದ 10 ಕೆ.ಜಿ. ಜಿಂಕ್ ಸಲ್ಫೇಟ್ ಹಾಕುವುದು ವಾಡಿಕೆ. ಅದನ್ನು ಡಿಎಪಿಯೊಡನೆ ಬೆರೆಸಿ ಎರಚಬಾರದು. ಬೆರೆಸಿದರೆ ಸತು, ರಂಜಕಗಳು ಒಂದಕ್ಕೊಂದು ಕಚ್ಚಿಕೊಂಡು ಬೇರಿಗೆ ಎರಡೂ ಸರಿಯಾಗಿ ದಕ್ಕುವುದಿಲ್ಲ.