ಸಮಧ್ವನಿಯ ಆಂಗ್ಲ ಶಬ್ದಗಳೂ ಇತಿಹಾಸದ ವಾಚನವೂ

ಕಿವಿಗೆ ಒಂದಾಗಿ ಕೇಳಿಸಿ ಅರ್ಥದಲ್ಲಿ ಬೇರೆಯಾಗುವ ಶಬ್ದಗಳು ಎಲ್ಲ ಭಾಷೆಗಳಲ್ಲಿಯೂ ಉಂಟು. ಕನ್ನಡದ 'ಅರಸು' ಎಂಬುದು ರಾಜನಿಗೂ ಸಲ್ಲುತ್ತದೆ, ಹುಡುಕುವ ಕ್ರಿಯೆಗೂ ಸಲ್ಲುತ್ತದೆ. ಸಂದರ್ಭವೇ ಅದರ ಅರ್ಥವನ್ನು ನಿರ್ಣಯಿಸುತ್ತದೆ. ಆದರೆ ಇಂಗ್ಲಿಷಿನಲ್ಲಿ ಇಂಥ ಎಷ್ಟೋ ಶಬ್ದಗಳನ್ನು ಬರವಣಿಗೆಯ ಭೇದವೇ ಬೇರ್ಪಡಿಸಿ ತೋರಿಸುತ್ತದೆ. ಆ ಶಬ್ದಗಳನ್ನು ನಾವು ಕನ್ನಡ ಲಿಪಿಯಲ್ಲಿ ಬರೆದೊಡನೆ ಆ ಗುರುತು ಅಳಿಸಿಹೋಗುತ್ತದೆ. ಇಂಗ್ಲಿಷ್ ಗ್ರಂಥಗಳನ್ನು ಓದಿ ಕನ್ನಡದಲ್ಲಿ ಉತ್ತರ ಬರೆಯುವ ಇತಿಹಾಸದ ವಿದ್ಯಾರ್ಥಿಗೆ ಇದರಿಂದ ಒದಗುವ ತೊಡಕು ಕೇವಲ ಕಾಗುಣಿತದ್ದಲ್ಲ. ಒಂದು ಸಂಸ್ಥೆಯನ್ನು ಮತ್ತೊಂದೆಂದು ಭಾವಿಸುವ ಅಪಾಯ ಅದರಲ್ಲಿದೆ. ಪ್ರಕೃತ ಲೇಖನದಲ್ಲಿ ಇತಿಹಾಸದ ಪಠ್ಯಗಳಲ್ಲಿ ಪದೇ ಪದೇ ಎದುರಾಗುವ ಕೆಲವು ಶಬ್ದಗಳನ್ನಷ್ಟೇ ವಿವೇಚಿಸುತ್ತೇವೆ.

ಇಂಗ್ಲಿಷಿಗೆ ಈ ಸ್ಥಿತಿ ಬಂದುದಕ್ಕೆ ಚಾರಿತ್ರಿಕ ಕಾರಣಗಳಿವೆ. 1066ರ ನಾರ್ಮನ್ ವಿಜಯದ ತರುವಾಯ ಫ್ರೆಂಚ್ ಶಬ್ದಗಳು ಆ ಭಾಷೆಯೊಳಕ್ಕೆ ಪ್ರವಾಹದಂತೆ ಬಂದು ದೇಶೀಯ ಶಬ್ದಗಳ ಪಕ್ಕದಲ್ಲಿ ನೆಲೆಸಿದುವು. 1476ರಲ್ಲಿ ಕ್ಯಾಕ್ಸ್‌ಟನ್ನನು ವೆಸ್ಟ್‌ಮಿನ್‌ಸ್ಟರಿನಲ್ಲಿ ಮುದ್ರಣಾಲಯವನ್ನು ಸ್ಥಾಪಿಸಿದ ಮೇಲೆ ಬರವಣಿಗೆ ಕ್ರಮೇಣ ಸ್ಥಿರವಾಯಿತು. ಉಚ್ಚಾರವಾದರೋ ಬದಲಾಗುತ್ತಲೇ ಹೋಯಿತು. ರಾತ್ರಿ ಎಂಬರ್ಥದ 'ನೈಟ್', ಸರದಾರ ಎಂಬರ್ಥದ 'ನೈಟ್' ಇವೆರಡೂ ಒಂದಾದದ್ದು ಹೀಗೆ. ಎರಡನೆಯದರ ಮೊದಲಲ್ಲಿ ಬರೆಯುವ 'ಕೆ' ಅಕ್ಷರವನ್ನು ಹಿಂದೆ ನಿಜವಾಗಿಯೂ ಉಚ್ಚರಿಸುತ್ತಿದ್ದರು.

'ಕ್ಯಾನನ್' ಎಂಬ ಶಬ್ದವನ್ನು ನೋಡೋಣ. ನಡುವೆ ಒಂದೇ 'ಎನ್' ಇದ್ದರೆ ಅದು ಕ್ರೈಸ್ತಮಠದ ಶಾಸನ ಅಥವಾ ಪ್ರಮಾಣಗ್ರಂಥಗಳ ಸಮುಚ್ಚಯ. ಎರಡು 'ಎನ್' ಇದ್ದರೆ ಫಿರಂಗಿ. ಮೊದಲನೆಯದಕ್ಕೇ ಇನ್ನೊಂದರ್ಥವೂ ಉಂಟು: ಪ್ರಧಾನ ಇಗರ್ಜಿಯೊಂದರ ಆಡಳಿತಮಂಡಲಿಗೆ ಸೇರಿದ ಪಾದ್ರಿ. ಕೊಪರ್ನಿಕಸನು ಫ್ರಾವೆನ್‌ಬರ್ಗಿನ ಕ್ಯಾನನ್ ಆಗಿದ್ದನೆಂದು ಓದಿದಾಗ ಗ್ರಹಿಸಬೇಕಾದುದು ಈ ಅರ್ಥವನ್ನು. ಸ್ವಾರಸ್ಯವೇನೆಂದರೆ, ಇಷ್ಟು ದೂರದ ಈ ಎರಡು ಶಬ್ದಗಳು ಮೂಲದಲ್ಲಿ ದಾಯಾದಿಗಳೇ. ಗ್ರೀಕಿನ 'ಕನ್ನ' ಎಂದರೆ ಜೊಂಡು, ಲಾಳದ ಕಡ್ಡಿ. ನೇರವಾದ ಕಡ್ಡಿಯಿಂದ ಅಳತೆಗೋಲು, ಅಳತೆಗೋಲಿನಿಂದ ನಿಯಮ ಎಂಬರ್ಥ ಒಂದು ಕವಲಿನಲ್ಲಿ ಬೆಳೆಯಿತು. ಪೊಳ್ಳಾದ ಕೊಳವೆ ಎಂಬರ್ಥ ಇಟಲಿಯ ಮೂಲಕ ಸಾಗಿ ಫಿರಂಗಿಯ ಹೆಸರಾಯಿತು. ಮೊದಲನೆಯ ಕವಲು ಅರಬ್ಬೀ ಭಾಷೆಯನ್ನೂ ಹೊಕ್ಕು 'ಕಾನೂನ್' ಆಗಿ, ಅಲ್ಲಿಂದ ಪಾರಸೀಕದ ದಾರಿಯಾಗಿ ನಮ್ಮ ಕಚೇರಿಗಳಿಗೆ 'ಕಾನೂನು' ಎಂಬ ರೂಪದಲ್ಲಿ ಬಂದಿದೆ. ರೋಮಿನ ಧರ್ಮಶಾಸನವೂ ನಮ್ಮ ತಾಲ್ಲೂಕು ಕಚೇರಿಯ ಕಾನೂನೂ ಒಂದೇ ಜೊಂಡಿನ ಕುಡಿಗಳೆಂಬುದು ಸಾಮಾನ್ಯ ವಾಚಕರಿಗೆ ಆಶ್ಚರ್ಯವನ್ನುಂಟುಮಾಡೀತು.

ಇದಕ್ಕಿಂತಲೂ ಹೆಚ್ಚು ಪ್ರಮಾದಕ್ಕೆ ಎಡೆಗೊಡುವ ಜೋಡಿ 'ಆರ್ಡಿನೆನ್ಸ್' ಮತ್ತು 'ಆರ್ಡ್‌ನೆನ್ಸ್'. ಇವುಗಳ ನಡುವಣ ಭೇದ ಒಂದು 'ಐ' ಅಕ್ಷರದ್ದು. ಮೊದಲನೆಯದು ಶಾಸನಸಭೆಯು ಸೇರಿಲ್ಲದಿರುವಾಗ ಹೊರಡಿಸುವ ಅಧ್ಯಾದೇಶ. ಭಾರತ ಸಂವಿಧಾನದ 123ನೆಯ ಅನುಚ್ಛೇದವು ರಾಷ್ಟ್ರಪತಿಗೆ ಈ ಅಧಿಕಾರವನ್ನು ಕೊಟ್ಟಿದೆ. ಕನ್ನಡಿಗರು ಇದನ್ನು ಸುಗ್ರೀವಾಜ್ಞೆಯೆಂದು ಕರೆದಿರುವುದು ಬಹಳ ಒಪ್ಪುತ್ತದೆ. ಎರಡನೆಯದು ಫಿರಂಗಿ, ಮದ್ದುಗುಂಡು ಮೊದಲಾದ ಯುದ್ಧಸಾಮಗ್ರಿ. ಒಂದೇ ಶಬ್ದವು 'ಏರ್ಪಾಡು' ಎಂಬ ಮೂಲಾರ್ಥದಿಂದ ಹೊರಟು ಸೈನ್ಯದ ಏರ್ಪಾಡು, ಅದರ ಸರಂಜಾಮು ಎಂದು ಸಂಕುಚಿತವಾಗಿ, ರೂಪದಲ್ಲಿಯೂ ಸವೆದು ಬೇರೆಯಾಯಿತು. 1801ರಲ್ಲಿ ಕಲ್ಕತ್ತೆಯ ಸಮೀಪದ ಕಾಶೀಪುರದಲ್ಲಿ ಆರಂಭವಾದ ತೋಪಿನ ಗಾಡಿಗಳ ಕಾರ್ಖಾನೆ ಈ ಎರಡನೆಯ ವರ್ಗಕ್ಕೆ ಸೇರಿದುದು. 1791ರಿಂದ ಗಣನೆಗೆ ಬರುವ ಬ್ರಿಟನ್ನಿನ 'ಆರ್ಡ್‌ನೆನ್ಸ್ ಸರ್ವೆ'ಯನ್ನು 'ಶಾಸನಬದ್ಧ ಮೋಜಣಿ' ಎಂದು ಅನುವಾದಿಸಿದರೆ ಅದರ ಸೈನಿಕ ಮೂಲವೇ ಮರೆಯಾಗುತ್ತದೆ. ಫ್ರೆಂಚರ ದಾಳಿಯ ಭೀತಿಯಿದ್ದ ಕಾಲದಲ್ಲಿ ನಕ್ಷೆಗಳನ್ನು ತಯಾರಿಸಲು ತೊಡಗಿದ್ದು ತೋಪುಖಾನೆಯ ಇಲಾಖೆ. ನಕ್ಷೆಗಳ ಉದ್ದೇಶವೇನೆಂಬ ಪ್ರಶ್ನೆಗೆ ಆ ಹೆಸರಿನಲ್ಲಿಯೇ ಉತ್ತರವಿದೆ.

'ಕೌನ್ಸಿಲ್' ಎಂದರೆ ಸಭೆ, 'ಕೌನ್ಸೆಲ್' ಎಂದರೆ ಸಲಹೆ. ನ್ಯಾಯಾಲಯದಲ್ಲಿ ವಾದಿಸುವ ವಕೀಲನಿಗೂ ಎರಡನೆಯ ಶಬ್ದವೇ ಸಲ್ಲುತ್ತದೆ. 1861, 1892, 1909ರ ಇಂಡಿಯನ್ ಕೌನ್ಸಿಲ್ಸ್ ಆಕ್ಟುಗಳಲ್ಲಿರುವುದು ಮೊದಲನೆಯದು. ಮೈಸೂರಿನಲ್ಲಿ 1907ರಲ್ಲಿ ಸ್ಥಾಪಿತವಾದ ನ್ಯಾಯವಿಧಾಯಕ ಸಭೆಯೂ ಅದೇ. ಭಾರತದ ಮೇಲುಮನವಿಗಳು 1949ರವರೆಗೆ ಹೋಗುತ್ತಿದ್ದ ಪ್ರಿವಿ ಕೌನ್ಸಿಲಿನ ವರದಿಗಳಲ್ಲಿಯಾದರೋ ಕೌನ್ಸಿಲಿನ ಮುಂದೆ ಕೌನ್ಸೆಲ್ ವಾದಿಸುತ್ತಾನೆ. ಸಾಲದೆಂಬಂತೆ, ಆ ಸಭೆಯ ಸದಸ್ಯನ ಬಿರುದನ್ನು ಅಲ್ಲಿನ ಅಧಿಕೃತ ಸಂಪ್ರದಾಯದಂತೆ ಸಲಹೆಯ ಶಬ್ದದಿಂದಲೇ ಬರೆಯುತ್ತಾರೆ! ಮಧ್ಯಯುಗದ ಇಂಗ್ಲಿಷರೇ ಇವೆರಡನ್ನೂ ಬೆರೆಸಿ ಬರೆಯುತ್ತಿದ್ದರೆಂಬುದನ್ನು ನೆನೆದರೆ ನಮ್ಮ ವಿದ್ಯಾರ್ಥಿಗಳನ್ನು ಬಹಳವಾಗಿ ದೂರುವಂತಿಲ್ಲ.

ಮತಸುಧಾರಣೆಯ ಚರಿತ್ರೆಯಲ್ಲಂತೂ ಇಂಥ ಶಬ್ದಗಳು ಸಾಲಾಗಿ ನಿಂತಿವೆ. 1520ರ ಡಿಸೆಂಬರಿನಲ್ಲಿ ಲೂಥರನು ಸುಟ್ಟ 'ಬುಲ್' ಗೂಳಿಯಲ್ಲ. ಪೋಪನ ಮುದ್ರಾಂಕಿತ ಆಜ್ಞಾಪತ್ರ. ಪತ್ರಕ್ಕೆ ತೂಗುಹಾಕುತ್ತಿದ್ದ ಗುಂಡನೆಯ ಮುದ್ರೆಗೆ ಲ್ಯಾಟಿನ್ನಿನಲ್ಲಿ 'ಬುಲ್ಲ' ಎಂದು ಹೆಸರು. ಮರುವರ್ಷ ಅವನು ಹಾಜರಾದ 'ಡಯೆಟ್ ಆಫ್ ವರ್ಮ್ಸ್' ಹುಳುಗಳ ಆಹಾರವೆಂಬ ಹಳೆಯ ಹಾಸ್ಯಕ್ಕೆ ಪಾತ್ರವಾಗಿದೆ. ವಾಸ್ತವವಾಗಿ ಅದು ರೈನ್ ನದೀತೀರದ ವೋರ್ಮ್ಸ್ ಪಟ್ಟಣದಲ್ಲಿ ಸೇರಿದ ಸಾಮ್ರಾಜ್ಯಸಭೆ. ಸಭೆ ಎಂಬ ಅರ್ಥಕ್ಕೆ 'ದಿನ' ಎಂಬ ಲ್ಯಾಟಿನ್ ಶಬ್ದದ ಸಂಪರ್ಕವಿದೆ. ಜರ್ಮನರ 'ರೈಷ್‌ಟಾಗ್' ಎಂಬುದರ ಕೊನೆಯ ಭಾಗಕ್ಕೂ ದಿನವೆಂದೇ ಅರ್ಥ. ಜಪಾನಿನ ಸಂಸತ್ತನ್ನು ಇಂಗ್ಲಿಷಿನಲ್ಲಿ ಇಂದಿಗೂ ಡಯೆಟ್ ಎನ್ನುತ್ತಾರೆ.

'ರೇನ್' ಎಂಬ ಧ್ವನಿಯೊಂದೇ ಮಳೆ, ಲಗಾಮು, ಆಳ್ವಿಕೆ ಮೂರಕ್ಕೂ ನಿಲ್ಲುತ್ತದೆ. ಇವುಗಳಲ್ಲಿ ಮಳೆ ಜರ್ಮಾನಿಕ್ ಮೂಲದ್ದು. ಉಳಿದೆರಡು ಫ್ರೆಂಚಿನ ಮೂಲಕ ಲ್ಯಾಟಿನ್ನಿನಿಂದ ಬಂದುವು. ಲಗಾಮನ್ನು ಸಡಿಲಬಿಡುವುದೆಂಬ ನುಡಿಗಟ್ಟಿನಲ್ಲಿ ಲಗಾಮಿನ ಬದಲು ಆಳ್ವಿಕೆಯ ಶಬ್ದವನ್ನು ಬರೆಯುವ ತಪ್ಪು ಇಂಗ್ಲಿಷರ ಬರವಣಿಗೆಯಲ್ಲಿಯೇ ಕಾಣಬರುತ್ತದೆ. ಕುದುರೆ ಸವಾರಿ ಬಿಟ್ಟ ಜನಕ್ಕೆ ಲಗಾಮಿಗಿಂತ ಆಳ್ವಿಕೆಯೇ ಹೆಚ್ಚು ಪರಿಚಿತವಾಯಿತೆಂದು ತೋರುತ್ತದೆ.