ಗುರುತು ತಪ್ಪಿದ ಕಿಣ್ವಗಳು

ಲೈಸೋಸೋಮ್ ಜೀವಕೋಶದೊಳಗಿನ ಪುಟ್ಟ ಚೀಲ. ಸುತ್ತ ಒಂದು ಪೊರೆ, ಒಳಗೆ ಸುಮಾರು 60 ಬಗೆಯ ಕಿಣ್ವಗಳು. ಸವೆದ ಪ್ರೋಟೀನು, ಕೊಬ್ಬು, ನುಂಗಿದ ಬ್ಯಾಕ್ಟೀರಿಯಾ ಎಲ್ಲವನ್ನೂ ಮರುಬಳಕೆಗೆ ಬರುವ ಚೂರುಗಳಾಗಿ ಕತ್ತರಿಸುವುದು ಇವುಗಳ ಕೆಲಸ. 1955ರಲ್ಲಿ ಹೆಸರಿಟ್ಟವರು ಬೆಲ್ಜಿಯಂನ ಕ್ರಿಶ್ಚಿಯನ್ ಡಿ ಡೂವ್. 1974ರಲ್ಲಿ ಅವರಿಗೆ ನೊಬೆಲ್ ಬಂತು.

ಶಾಲೆಯಲ್ಲಿ ಇದನ್ನು 'ಆತ್ಮಹತ್ಯೆಯ ಚೀಲ' ಎಂದು ಕಲಿತವರು ಬಹಳ. ಉಳಿದ ಪಾಠವೆಲ್ಲ ಮರೆತರೂ ಆ ಹೆಸರು ಮಾತ್ರ ಮರೆಯುವುದಿಲ್ಲ! ಆದರೆ ಒಂದು ಚೀಲ ಸೋರಿದ ಮಾತ್ರಕ್ಕೆ ಕೋಶ ಸಾಯದು. ಈ ಕಿಣ್ವಗಳು ಚುರುಕಾಗುವುದು ಹುಳಿಯಲ್ಲಿ. ಪೊರೆಯ ಮೇಲಿನ ಪಂಪು ಪ್ರೋಟಾನುಗಳನ್ನು ಒಳಕ್ಕೆ ತಳ್ಳುತ್ತ ಪಿಎಚ್ ಮಟ್ಟವನ್ನು 4.5–5ರಲ್ಲಿ ಇಡುತ್ತದೆ. ಹೊರಗಿನ ಕೋಶರಸದ ಪಿಎಚ್ ಸುಮಾರು 7.2, ಅಲ್ಲಿ ಹೆಚ್ಚಿನವು ಮಂಕಾಗುತ್ತವೆ.

ಇನ್ನು ನನ್ನ ಮೆಚ್ಚಿನ ಭಾಗ. ಲೈಸೋಸೋಮ್ ಒಂದೇ ಕಡೆ ಸಿದ್ಧವಾಗುವ ವಸ್ತುವಲ್ಲ. ಕಿಣ್ವಗಳು ಕೋಶದ ವಿಂಗಡಣೆ ಕೇಂದ್ರವಾದ ಗಾಲ್ಗಿ ಸಂಕೀರ್ಣಕ್ಕೆ ಬಂದಾಗ ಅವುಗಳ ಮ್ಯಾನೋಸ್ ಸಕ್ಕರೆಗೆ ಫಾಸ್ಫೇಟ್ ಅಂಟುತ್ತದೆ. ಈ ಮ್ಯಾನೋಸ್-6-ಫಾಸ್ಫೇಟ್ ಗುರುತನ್ನು ಹಿಡಿಯುವ ಗ್ರಾಹಕ ಅಣು ಕಿಣ್ವವನ್ನು ಸಣ್ಣ ಗುಳ್ಳೆಯಲ್ಲಿ ಇನ್ನೊಂದು ಚೀಲವಾದ ಎಂಡೋಸೋಮ್‌ಗೆ ಒಯ್ಯುತ್ತದೆ. ಅಲ್ಲಿನ ಹುಳಿಗೆ ಹಿಡಿತ ಸಡಿಲಿ ಕಿಣ್ವ ಕಳಚಿಕೊಳ್ಳುತ್ತದೆ; ಗ್ರಾಹಕ ಮುಂದಿನ ಸರಕಿಗಾಗಿ ವಾಪಸು ಹೋಗುತ್ತದೆ. ಎಂಡೋಸೋಮ್ ಇನ್ನಷ್ಟು ಹುಳಿಯಾಗುತ್ತ ಲೈಸೋಸೋಮ್ ಆಗುತ್ತದೆ.

ತುಮಕೂರಿನ ಲಾರಿ ಆಫೀಸಿನಲ್ಲಿ ಮೂಟೆಯ ಮೇಲೆ 'ಕುಣಿಗಲ್' ಎಂದು ಬರೆಯದಿದ್ದರೆ ಒಳಗಿನ ಮಾಲು ಎಷ್ಟು ಚೆನ್ನಾಗಿದ್ದರೇನು, ಎಲ್ಲೋ ಇಳಿಯುತ್ತದೆ. ಐ-ಸೆಲ್ ಎಂಬ ಅಪರೂಪದ ಕಾಯಿಲೆಯಲ್ಲಿ ಆಗುವುದು ಅದೇ. ಕಿಣ್ವಗಳು ತಯಾರಾಗುತ್ತವೆ, ಗುರುತು ಬೀಳುವುದಿಲ್ಲ. ರಕ್ತದಲ್ಲಿ ಕಿಣ್ವ ವಿಪರೀತ, ಕೋಶದೊಳಗೆ ಕಸದ ರಾಶಿ. 'ಕಿಣ್ವ ಇಲ್ಲದ್ದರಿಂದಲೇ ರೋಗ' ಎಂಬ ಸರಳ ಉತ್ತರ ಇಲ್ಲಿ ಮುಗ್ಗರಿಸುತ್ತದೆ.

ಗುರುತು ಹಿಡಿಯುವ ಆ ಗ್ರಾಹಕ ಕೋಶದ ಹೊರಮೈಯಲ್ಲೂ ಇರುವುದು ನಮ್ಮ ಪುಣ್ಯ. ಲೈಸೋಸೋಮ್ ಕಿಣ್ವವೊಂದರ ಕೊರತೆಯಿಂದ ಬರುವ ಪಾಂಪೆ ಕಾಯಿಲೆಯಲ್ಲಿ ಡ್ರಿಪ್ ಮೂಲಕ ಕೊಟ್ಟ ಕಿಣ್ವವನ್ನು ಕೋಶ ಒಳಗೆಳೆದುಕೊಳ್ಳುವುದು ಇದರಿಂದಲೇ. ಆದರೆ ಹೀಗೆ ಕೊಟ್ಟ ಕಿಣ್ವ ರಕ್ತದಿಂದ ಮಿದುಳಿಗೆ ದಾಟಲಾರದು. ಇಂಥ ಅನೇಕ ಕಾಯಿಲೆಗಳಲ್ಲಿ ಕಸದ ಪೆಟ್ಟು ಜೋರಾಗಿ ಬೀಳುವುದೂ ಅಲ್ಲಿಯೇ: ನರಕೋಶ ವಿಭಜನೆಯಾಗುವುದಿಲ್ಲ, ಅದರ ಕಸ ಹಂಚಿಹೋಗುವುದಿಲ್ಲ. ಇನ್ನೊಂದು ಲೈಸೋಸೋಮ್ ಕಾಯಿಲೆಯಾದ ಗೋಶೆಗೆ ಕಾರಣವಾದ ಜಿಬಿಎ1 ವಂಶವಾಹಿಯ ಒಂದೇ ಪ್ರತಿ ಕೆಟ್ಟಿದ್ದರೂ ಪಾರ್ಕಿನ್ಸನ್ ಬರುವ ಸಂಭವ ಹೆಚ್ಚು. ಹಾಗೆಂದು ಅಂಥವರೆಲ್ಲರಿಗೂ ಅದು ಬರುವುದಿಲ್ಲ.

ಲೈಸೋಸೋಮ್ ಕೆಲಸ ಕೆಡುವ ಇಂಥ ಕಾಯಿಲೆಗಳಲ್ಲಿ ಬಹುಪಾಲು ಕಾಣಿಸಿಕೊಳ್ಳುವುದು ತಂದೆ, ತಾಯಿ ಇಬ್ಬರಿಂದಲೂ ಕೆಟ್ಟ ಪ್ರತಿ ಬಂದಾಗ. ಸೊಸೆಯೊಬ್ಬಳನ್ನೇ ದೂರುವುದು ಅನ್ಯಾಯ. ಇಬ್ಬರೂ ವಾಹಕರಾಗಿದ್ದರೆ ಪ್ರತಿ ಬಸಿರಿನಲ್ಲೂ ನಾಲ್ಕರಲ್ಲಿ ಒಂದು ಪಾಲು ಸಂಭವ. ಸೋದರಮಾವನಿಗೋ ಅತ್ತೆಯ ಮಗನಿಗೋ ಹೆಣ್ಣು ಕೊಡುವ ನಮ್ಮ ಸೀಮೆಯಲ್ಲಿ ಹಾಗಾಗುವ ಸಾಧ್ಯತೆ ಏರುತ್ತದೆ. ಮಗುವಿನ ಯಕೃತ್ತು, ಗುಲ್ಮ ಊದಿ ಹೊಟ್ಟೆ ದಪ್ಪವಾಗಿದ್ದರೆ, ಕಲಿತ ನಡಿಗೆ, ಮಾತು ಹಿಂದೆ ಬೀಳುತ್ತಿದ್ದರೆ ದೃಷ್ಟಿ ತೆಗೆದು ಸುಮ್ಮನಾಗಬೇಡಿ. ಬೆಂಗಳೂರಿನ ಇಂದಿರಾ ಗಾಂಧಿ ಮಕ್ಕಳ ಆರೋಗ್ಯ ಸಂಸ್ಥೆ ಮತ್ತು ಮಾನವ ತಳಿವಿಜ್ಞಾನ ಕೇಂದ್ರ 2021ರ ರಾಷ್ಟ್ರೀಯ ಅಪರೂಪದ ಕಾಯಿಲೆಗಳ ನೀತಿಯಡಿ ಇಂಥ ಮಕ್ಕಳನ್ನು ನೋಡುತ್ತವೆ.

ಕೋಶ ತನ್ನದೇ ಕಸವನ್ನು ಲೈಸೋಸೋಮ್‌ಗೆ ಸಾಗಿಸುವ ಬಗೆಯನ್ನು ಜಕ್ಕೂರಿನ ಜವಾಹರಲಾಲ್ ನೆಹರು ಉನ್ನತ ವೈಜ್ಞಾನಿಕ ಸಂಶೋಧನಾ ಕೇಂದ್ರದಲ್ಲಿ ಅಧ್ಯಯನ ಮಾಡುತ್ತಿದ್ದಾರೆ. ಗುಬ್ಬಿ, ಕುಣಿಗಲ್, ತುಮಕೂರಿನಲ್ಲಿ ಜೀವವಿಜ್ಞಾನ ಓದುತ್ತಿರುವವರೇ, ಅಲ್ಲಿನ ಬೇಸಿಗೆ ಸಂಶೋಧನಾ ಫೆಲೋಶಿಪ್‌ಗೆ ಅರ್ಜಿ ಹಾಕಿ. ಮಿದುಳಿಗೆ ಕಿಣ್ವ ಮುಟ್ಟಿಸುವ ದಾರಿ ಹುಡುಕಲು ಇನ್ನೂ ಬಹಳ ಕೈಗಳು ಬೇಕು.